ನಕ್ಷೆಯಲ್ಲಿ ಮಾಸಿದ ಗೋಡೆ

ಗಾರೆ ಮೇಸ್ತ್ರಿಯ ಮನೆ ಅವನದಾಗಿಯೂ ಅವನದಲ್ಲ. ಜಾಗದ ಒಡೆಯರು ಯಾವ ಕಾಲದಲ್ಲೋ ತೊಂಬತ್ತೊಂಬತ್ತು ವರ್ಷದ ಲೀಸಿಗೆ ಕೊಟ್ಟ, ಮಹಡಿ ಕಟ್ಟಡದ ನಡು ಅಂತಸ್ತಿನ ಮನೆ ಅದು. ಆ ಲೀಸಿನ ಕೊನೆಯ ವರ್ಷಗಳನ್ನಷ್ಟೇ ಮೇಸ್ತ್ರಿ ಕೊಂಡಿದ್ದ. ಈಗ ಉಳಿದದ್ದು ಆರೇ ವರ್ಷ. ಆಮೇಲೆ ಮನೆ ಒಡೆಯರಿಗೆ, ಸಂಸಾರ ಬೀದಿಗೆ. ಎಪ್ಪತ್ತಾದವನಿಗೆ ತನ್ನ ಚಿಂತೆ ಅಷ್ಟಿರಲಿಲ್ಲ. ಗಂಡನನ್ನು ಬಿಟ್ಟು ಬಂದು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ ಮಾಡುತ್ತಿದ್ದ ಮಗಳಿಗೆ ಇದೊಂದೇ ಸೂರು. ಅದಕ್ಕೇ ಲೀಸು ಮುಂದುವರಿಸಿ ಎಂದು ಅರ್ಜಿ ಹಾಕಿದ್ದ. ಒಡೆಯರ ಸರ್ವೇಯರು ಮನೆ ನೋಡಲು ಬರುವ ದಿನ ಗೊತ್ತಾಯಿತು.

"ಅವರು ಕೇಳಿದ್ದಕ್ಕೆ ಹೂಂ, ಇಲ್ಲ ಉಹೂಂ. ಅಷ್ಟೇ," ಎಂದು ಹೆಂಡತಿ ಬೆಳಿಗ್ಗೆಯಿಂದ ಮೂರು ಸಲ ಹೇಳಿದಳು. "ಒಂದು ಗಂಟೆ ಬಾಯಿಗೆ ಬೀಗ ಹಾಕ್ಕೊಳ್ರಿ, ಪುಣ್ಯ ಬರುತ್ತೆ."

ಅವಳ ಭಯಕ್ಕೆ ಕಾರಣವಿತ್ತು. ಹನ್ನೆರಡು ವರ್ಷದ ಹಿಂದೆ ಅವಳ ಕಾಲುಗಳ ಸ್ವಾಧೀನ ತಪ್ಪಿತು. ಗಾಲಿಕುರ್ಚಿ ಅಡುಗೆಮನೆಯ ಬಾಗಿಲಲ್ಲಿ ತೂರಲಿಲ್ಲ; ನಾಲ್ಕೇ ನಾಲ್ಕು ಬೆರಳಿನಷ್ಟು ಅಗಲ ಸಾಲದೆ ಹೋಯಿತು. ಒಡೆಯರ ಒಪ್ಪಿಗೆಯಿಲ್ಲದೆ ಗೋಡೆ ಮುಟ್ಟಬಾರದೆಂದು ಲೀಸಿನ ಪತ್ರದಲ್ಲಿತ್ತು. ಮೇಸ್ತ್ರಿ ಯಾರನ್ನೂ ಕೇಳಲಿಲ್ಲ. ಹಜಾರಕ್ಕೂ ಅಡುಗೆಮನೆಗೂ ನಡುವಿನ ಗೋಡೆಯನ್ನೇ ಕೆಡವಿ, ನೆಲ ಬೆಸೆದು, ಚಾವಣಿಗೆ ಗಾರೆ ಮೆತ್ತಿ, ಒಲೆಯ ಕಟ್ಟೆಯನ್ನು ಕುರ್ಚಿಯ ಎತ್ತರಕ್ಕೆ ಇಳಿಸಿದ. ಅಂದಿನಿಂದ ಅವಳು ಯಾರ ಹಂಗೂ ಇಲ್ಲದೆ ಬೇಯಿಸಿದಳು, ಬಡಿಸಿದಳು, ಬೈದಳು.

ಸರ್ವೇಯರು ಸಂಭಾವಿತ. ಟೇಪು ಹಿಡಿದು ಅಳೆದ, ಹಳೆಯ ನಕ್ಷೆಯನ್ನು ಕಿಟಕಿಗೆ ಹಿಡಿದು ನೋಡಿದ. "ಗೆರೆ ಎಲ್ಲಾ ಮಾಸಿಹೋಗಿದೆ. ಮೊದಲಿಂದ ಹೀಗೇ ಇತ್ತು ಅನ್ಸುತ್ತೆ, ಅಲ್ವಾ? ಹಳೇ ಕಾಲದವರ ಕೆಲಸ ನೋಡಿ, ಒಂದು ಬಿರುಕಿಲ್ಲ."

ಹೂಂ ಅಂದಿದ್ದರೆ ಮುಗಿದಿತ್ತು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಮ್ಮ ಮೇಸ್ತ್ರಿ ಬಲ್ಲದ್ದು ಗಾರೆಯೊಂದನ್ನೇ. ತನ್ನ ಕೆಲಸದ ಹೊಗಳಿಕೆ ಯಾರೋ ಸತ್ತವರ ಪಾಲಾಗುವುದು ಅವನಿಗೆ ಸಹಿಸಲಾಗಲಿಲ್ಲ.

"ಯಾವ ಹಳೇ ಕಾಲದವರು ಸ್ವಾಮಿ? ಅವರ ಗಾರೆ ಮುಟ್ಟಿದರೆ ಉದುರ್ತಿತ್ತು. ಇದು ನನ್ನ ಕೈಕೆಲಸ. ಇಲ್ಲೊಂದು ಗೋಡೆ ಇತ್ತು. ಎಲ್ಲಿತ್ತು, ತೋರಿಸಿ ನೋಡೋಣ."

ಸರ್ವೇಯರು ಮೊಣಕಾಲೂರಿ ನೆಲ ಸವರಿದ. ಸಿಗಲಿಲ್ಲ. ಮೇಸ್ತ್ರಿ ತಾನೇ ಹೋಗಿ ಕಾಲಿನ ಹೆಬ್ಬೆರಳಿನಿಂದ ಈ ಕೊನೆಯಿಂದ ಆ ಕೊನೆಗೆ ಗೆರೆ ಎಳೆದು ತೋರಿಸಿದ. ಹೆಂಡತಿ ಕಣ್ಣು ಮುಚ್ಚಿಕೊಂಡಳು. ಸರ್ವೇಯರು ಬರೆದುಕೊಂಡ.

ಮೂರು ವಾರಕ್ಕೆ ಪತ್ರ ಬಂತು. ಲೀಸು ಮುಂದುವರಿಸಲು ಅಡ್ಡಿಯಿಲ್ಲ. ಆದರೆ ಮೇಲಿನ ಕೆಳಗಿನ ಮನೆಗಳಲ್ಲಿರುವಂತೆಯೇ ಗೋಡೆ ಇದ್ದಲ್ಲಿ ಗೋಡೆ, ಬಾಗಿಲು ಇದ್ದಲ್ಲಿ ಅದೇ ಅಳತೆಯ ಬಾಗಿಲು ಮತ್ತೆ ಬರಬೇಕು. ಮೇಸ್ತ್ರಿ ಒಡೆಯರ ಕಚೇರಿಗೆ ಹೋಗಿ ಗಾಲಿಕುರ್ಚಿಯ ಮಾತೆತ್ತಿದ. ನಿಮಗೊಬ್ಬರಿಗೆ ಬಿಟ್ಟರೆ ನಾಳೆ ಎಲ್ಲರೂ ಸುತ್ತಿಗೆ ಹಿಡೀತಾರೆ ಅಂದರು ಅಲ್ಲಿನವರು. ಬಾಗಿಲವರೆಗೆ ಬಂದ ಸರ್ವೇಯರು ಮೆಲ್ಲಗೆ, "ನೀವು ಹೇಳದೇ ಇದ್ದಿದ್ರೆ ನಾನು ಬರೀತಿರಲಿಲ್ಲ ಮೇಸ್ತ್ರಿ," ಎಂದ. ಮೇಸ್ತ್ರಿಗೆ ತನ್ನ ನಾಲಿಗೆಯ ಮೇಲೆ ಅಸಹ್ಯವಾಯಿತು.

"ಬೇಡಪ್ಪ. ಆರು ವರ್ಷ ಹೀಗೇ ಇರೋಣ. ಆಮೇಲೆ ನೋಡಿದ್ರಾಯ್ತು," ಎಂದಳು ಮಗಳು.

"ಆಮೇಲೆ ಏನು ನೋಡ್ತೀಯ, ಆಕಾಶನಾ?" ಎಂದಳು ತಾಯಿ. ಗಂಡನ ಕಡೆ ತಿರುಗಿ, "ಕಟ್ರಿ. ಹೊರಗಿನವರನ್ನ ಕರೀಬೇಡಿ, ನೀವೇ ಕಟ್ರಿ," ಎಂದಳು. ಬಯ್ಯಲಿಲ್ಲ. ಬೈದಿದ್ದರೆ ಅವನ ಮನಸ್ಸು ಹಗುರಾಗುತ್ತಿತ್ತು.

ನಾಲ್ಕು ದಿನ ಕಟ್ಟಿದ. ಸೊಟ್ಟಗೆ ಕಟ್ಟಬೇಕೆಂಬ ಹಟ ಬಂತು, ಆದರೆ ಕೈ ಕೇಳಲಿಲ್ಲ. ತೂಗುಗುಂಡು ಬಿಟ್ಟು ನೋಡಿದರೆ ಕೂದಲೆಳೆಯಷ್ಟೂ ಓರೆಯಿಲ್ಲ. ಸರ್ವೇಯರು ಬಂದು ಬಾಗಿಲು ಅಳೆದು ರುಜು ಹಾಕಿದ. ಇನ್ನು ತೊಂಬತ್ತೊಂಬತ್ತು ವರ್ಷ ಈ ಮನೆಯಿಂದ ಯಾರೂ ಎಬ್ಬಿಸುವಂತಿಲ್ಲ.

ಮರುದಿನ ಮಗಳು ಅಡುಗೆ ಮಾಡಿಟ್ಟು ಕೆಲಸಕ್ಕೆ ಹೋದಳು. ಮೇಸ್ತ್ರಿ ಹೊಸ ಪತ್ರವನ್ನು ಪೆಟ್ಟಿಗೆಯಲ್ಲಿಡುತ್ತಿದ್ದ. ಹೆಂಡತಿ ಗೋಡೆಯ ಈಚೆ, ಹಜಾರದಲ್ಲಿ ಕೂತಿದ್ದಳು.

"ರೀ, ಒಂದು ಲೋಟ ನೀರು ಕೊಡ್ತೀರಾ?"

ಹನ್ನೆರಡು ವರ್ಷದಲ್ಲಿ ಅವಳು ಯಾರನ್ನೂ ನೀರು ಕೇಳಿರಲಿಲ್ಲ. ಅವನು ತಂದುಕೊಟ್ಟ. ಕುಡಿದು, ಲೋಟವನ್ನು ಎಲ್ಲಿಡುವುದೆಂದು ತಿಳಿಯದೆ, ಅವಳು ಅದನ್ನು ಕೈಯಲ್ಲೇ ಹಿಡಿದು ಕೂತಳು.