ಮುದುಕಪ್ಪನ ಪೇಪರು

"ಅತ್ತಿಗೆ, ಪೇಪರಲ್ಲಿ ಏನು ಸುದ್ದಿ?"

ಬೆಳಗಾದರೆ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು ನಾದಿನಿ ಕೇಳುವ ಮೊದಲ ಮಾತು ಇದು. ಪೇಪರು ಎಂದರೆ ಓದುವ ಪತ್ರಿಕೆಯಲ್ಲ. ತಗಡಿನ ಚಪ್ಪರದ ಕೆಳಗೆ ನಿಂತ ಹಳೆಯ ಕಾರಿನ ಹೊಟ್ಟೆಯಡಿಗೆ ಸಂಜೆ ಹಾಸಿಡುವ ಒಂದು ರಟ್ಟು. ಕಾರಿನಿಂದ ಏನು ಸೋರಿದೆ ಎಂಬುದು ಬೆಳಿಗ್ಗೆ ಅದರ ಮೇಲೆ ಕಾಣುತ್ತದೆ. ಕಾರಿಗೆ ಮುದುಕಪ್ಪ ಎಂದು ಹೆಸರಿಟ್ಟವನೂ ರಟ್ಟಿಗೆ ಪೇಪರು ಎಂದವನೂ ನಾದಿನಿಯ ಅಣ್ಣ, ಅತ್ತಿಗೆಯ ಗಂಡ. ಆತ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

"ಏನೂ ಇಲ್ಲ ಪುಟ್ಟಿ. ಖಾಲಿ," ಎಂದಳು ಅತ್ತಿಗೆ.

ಆಕೆ ಕೈಯಲ್ಲಿ ಹಿಡಿದಿದ್ದ ರಟ್ಟಿನ ನಡುವೆ ಅಂಗೈಯಗಲದ ಕಪ್ಪು ಕಲೆಯಿತ್ತು. ಸದ್ದಾಗದಂತೆ ಅದನ್ನು ಮಡಿಚಿ ಹಳೆಯ ಟೈರಿನೊಳಗೆ ತುರುಕಿದಳು. ಅಲ್ಲಿ ಅಂಥ ರಟ್ಟುಗಳು ಆಗಲೇ ಹಲವು ಸೇರಿದ್ದವು. ಆಮೇಲೆ ಬಾನೆಟ್ ಎತ್ತಿ, ಡಬ್ಬದಲ್ಲಿದ್ದ ಆಯಿಲನ್ನು ಸ್ವಲ್ಪ ಸುರಿದು, ಮಟ್ಟ ತೋರಿಸುವ ಕಡ್ಡಿ ಅದ್ದಿ ನೋಡಿದಳು.

ನಾದಿನಿಗೆ ಇದೊಂದೂ ಕಾಣುವಂತಿರಲಿಲ್ಲ. ಆಕೆಯ ನೋಟದ ನಡುಭಾಗವೇ ಹೋಗಿತ್ತು. ಎದುರಿಗೆ ನಿಂತವರ ಕಿವಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಪಕ್ಕದ ಊರಿನ ಕಣ್ಣಾಸ್ಪತ್ರೆಯಲ್ಲಿ ಆಗಾಗ ಕಣ್ಣಿಗೇ ಸೂಜಿ ಹಾಕುತ್ತಿದ್ದರು. ಒಂದು ಸಲ ತಪ್ಪಿದರೂ ಉಳಿದದ್ದು ಉಳಿಯುತ್ತದೆಂದು ಹೇಳಲಾರೆ ಎಂದಿದ್ದರು ಡಾಕ್ಟರು. ಬಸ್ಸಿನ ಮೆಟ್ಟಿಲು ಗುರುತು ಹತ್ತದೆ ಒಮ್ಮೆ ಬಿದ್ದ ಮೇಲೆ ಆಕೆಯನ್ನು ಕರೆದೊಯ್ಯುವುದು ಮುದುಕಪ್ಪನ ಕೆಲಸವಾಗಿತ್ತು. ಅಣ್ಣ ಇದ್ದಾಗ ಅಣ್ಣ ಓಡಿಸುತ್ತಿದ್ದ. ಈಗ ಅತ್ತಿಗೆ.

ಓಡಿಸುವುದು ಆಕೆಗೆ ಮೊದಲಿನಿಂದಲೂ ಬರುತ್ತಿತ್ತು. ರಿಪೇರಿ ಬರುತ್ತಿರಲಿಲ್ಲ. ಗಂಡ ಕಾರಿನಡಿ ಮಲಗಿ ಕೈ ಚಾಚಿದರೆ ಆಕೆ ಬೇಕಾದ ಸ್ಪ್ಯಾನರನ್ನೇ ಕೊಡುವಳು. ಕೊಡುವುದಷ್ಟೇ, ತಿರುಗಿಸಲು ಆತ ಎಂದೂ ಬಿಟ್ಟವನಲ್ಲ. "ಸಂಸಾರ ನೀನು ತಿರುಗಿಸ್ತಿದ್ದೀಯಲ್ಲ, ಬೋಲ್ಟಾದರೂ ನನಗಿರಲಿ," ಎನ್ನುತ್ತಿದ್ದ. ಆತ ಹೋದ ಮೇಲೆ ಕಾರು ಕೆಮ್ಮಲು ಶುರುಮಾಡಿದಾಗ ಗ್ಯಾರೇಜಿಗೆ ಬಿಡೋಣವೆಂದಳು ಅತ್ತಿಗೆ. ನಾದಿನಿ ಮುಖ ಚಿಕ್ಕದು ಮಾಡಿದಳು. "ಬಿಡಿ, ನಿಮ್ಮಿಷ್ಟ. ಅಣ್ಣ ಅದನ್ನ ಇನ್ನೊಬ್ಬರ ಕೈಗೆ ಕೊಟ್ಟಿದ್ದು ನಾನಂತೂ ಕಾಣೆ."

ಹೀಗೆ ಪಾಠ ಶುರುವಾಯಿತು. ನಾದಿನಿ ಮುಕ್ಕಾಲಿಯ ಮೇಲೆ ಕುಳಿತು, ಚಿಕ್ಕವಳಿದ್ದಾಗ ಅಣ್ಣನ ಬೆನ್ನಿಗೆ ಅಂಟಿಕೊಂಡು ಕಲಿತದ್ದನ್ನೆಲ್ಲ ನೆನೆದು ನೆನೆದು ಹೇಳುವಳು. ಅತ್ತಿಗೆ ಸೆರಗು ಸಿಕ್ಕಿಸಿ ಮಾಡುವಳು. ಪ್ಲಗ್ಗು ಬಿಚ್ಚಿ ಉಜ್ಜಿದರು, ಗಾಳಿಯ ಫಿಲ್ಟರು ಕೊಡವಿದರು. ಕಾರು ಕೆಮ್ಮುವುದನ್ನು ನಿಲ್ಲಿಸಿದ ದಿನ ಇಬ್ಬರೂ ಹುಡುಗಿಯರಂತೆ ನಕ್ಕರು. ನಕ್ಕದ್ದಕ್ಕೆ ಅತ್ತಿಗೆಗೆ ಆಮೇಲೆ ದೇವರ ಮುಂದೆ ನಾಚಿಕೆಯಾಯಿತು.

ನಂತರ ಆಯಿಲ್ ಬದಲಿಸುವ ದಿನ ಬಂತು. ಮುಂದಿನ ಚಕ್ರಗಳನ್ನು ದಪ್ಪ ಹಲಗೆಗಳ ಮೇಲೆ ಹತ್ತಿಸಿ, ಕಲ್ಲು ಅಡ್ಡ ಕೊಟ್ಟು, ಅತ್ತಿಗೆ ಚಾಪೆ ಹಾಸಿ ಕಾರಿನಡಿ ಹೋದಳು. ಎಂಜಿನ್ನಿನ ತಳದ ಚೇಂಬರಿನಲ್ಲಿ ಹಳೆಯ ಆಯಿಲ್ ನಿಂತಿರುತ್ತದೆ. ಅದನ್ನು ಬಿಡಲು ಅಡಿಯಲ್ಲಿ ಒಂದೇ ಒಂದು ಬೋಲ್ಟು.

"ಯಾವ ಕಡೆ ತಿರುಗಿಸಲಿ ಪುಟ್ಟಿ? ಇಲ್ಲಿ ಎಲ್ಲಾ ತಲೆಕೆಳಗು."

"ತಲೆಕೆಳಗಾದ್ರೂ ಅಷ್ಟೇ, ಮಗ್ಗುಲಾದ್ರೂ ಅಷ್ಟೇ. ಅಣ್ಣ ಹೇಳ್ತಿದ್ದ: ಬರೆಯೋ ಕೈ ಕಡೆಗೆ ತಿರುಗಿಸಿದ್ರೆ ಬಿಗಿ, ಇನ್ನೊಂದು ಕಡೆಗೆ ಸಡಿಲ."

ಅತ್ತಿಗೆ ತಿರುಗಿಸಿದಳು. ಜಗ್ಗಲಿಲ್ಲ. "ಅಲ್ಲಾಡ್ತಾನೇ ಇಲ್ಲ!" "ಮುದುಕಪ್ಪನ ಹಠ ಅದು. ಪೈಪು ಸಿಕ್ಕಿಸಿ ಒತ್ತಿ," ಎಂದಳು ನಾದಿನಿ. ಸ್ಪ್ಯಾನರಿನ ತುದಿಗೆ ಕಬ್ಬಿಣದ ಪೈಪು ಸಿಕ್ಕಿಸಿ, ದೇವರನ್ನು ನೆನೆದು, ಮೈಭಾರವನ್ನೆಲ್ಲ ಹಾಕಿದಳು. ಕಿರ್ ಎಂದಿತು. ಮರುಕ್ಷಣ ಬೋಲ್ಟು ಬೆಣ್ಣೆಯಂತೆ ತಿರುಗಿತು. "ಬಂತು ಪುಟ್ಟಿ!" ಎಂದು ಕೂಗಿದಳು. ಅದನ್ನು ಎಳೆದು ತೆಗೆದಾಗ ಆಯಿಲಿನ ಜೊತೆ ಲೋಹದ ಸಣ್ಣ ಸಣ್ಣ ಎಳೆಗಳೂ ಬಂದವು. ಬೋಲ್ಟನ್ನು ಹಿಡಿಯುವ ಮರೆ, ಅಂದರೆ ತೂತಿನೊಳಗಿನ ತಿರುಪಿನ ಗೀರು, ಹರಿದುಹೋಗಿತ್ತು.

ತಿರುಗಿ ಹಾಕಲು ಹೋದರೆ ಕೂರಲಿಲ್ಲ. ಆ ಕಡೆ ಈ ಕಡೆ ತಿರುಗಿಸಿ, ನಲ್ಲಿಗೆ ಸುತ್ತುವ ಬಿಳಿ ಟೇಪು ಸುತ್ತಿ, ಹೇಗೋ ಒಂದೆರಡು ಸುತ್ತು ಹಿಡಿಸಿದಳು.

"ಕೂತ್ಕೊಳ್ತಾ?"

"ಕೂತ್ಕೊಳ್ತು."

ಮೊದಲ ಸುಳ್ಳು ಅಷ್ಟು ಸಲೀಸಾಗಿ ಬಂತು. ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ಬಂದಾಗ ನಾದಿನಿ ಮುಕ್ಕಾಲಿಯ ಮೇಲೆ ಕುಳಿತು ನೆರೆಯವರಿಗೆ, "ನಮ್ಮತ್ತಿಗೆ ಕೈಯಲ್ಲಿ ಅಣ್ಣನ ಗುಣವೇ ಬಂದುಬಿಟ್ಟಿದೆ," ಎಂದು ಹೊಗಳುತ್ತಿದ್ದಳು. ಆಮೇಲೆ ಹೇಳುವುದು ಹೇಗೆ? ಗಂಡ ಅಷ್ಟು ವರ್ಷ ಕಾಪಾಡಿದ್ದನ್ನು ತಾನು ಒಂದು ಬೆಳಿಗ್ಗೆ ಹಾಳುಮಾಡಿದೆ. ಪ್ರಾರ್ಥನೆಗೆ ಕುಳಿತರೆ ಕ್ಷಮಿಸು ಎಂಬ ಮಾತು ಬಾಯಿಗೆ ಬರುತ್ತಿತ್ತು. ಆದರೆ ದೇವರಲ್ಲಿ ಕ್ಷಮೆ ಕೇಳಿ ಎದ್ದು, ಮಾರನೆಯ ಬೆಳಿಗ್ಗೆ ಮತ್ತೆ ಖಾಲಿ ಎನ್ನುವವಳಿಗೆ ಯಾವ ಕ್ಷಮೆ? ಕೊನೆಗೆ ಆ ಮಾತನ್ನು ಬಿಟ್ಟೇ ಉಳಿದದ್ದನ್ನು ಹೇಳಿಕೊಂಡು ಏಳತೊಡಗಿದಳು.

ಆಸ್ಪತ್ರೆಯ ದಿನ ಆಕೆ ಆಯಿಲನ್ನು ಕಡ್ಡಿಯ ಗೆರೆಯವರೆಗೆ ತುಂಬಿ ಹೊರಟಳು. ಹೋಗಿ ಬರುವಷ್ಟಕ್ಕೆ ಸಾಕು ಎಂಬ ಲೆಕ್ಕ. ನಾದಿನಿ ಒಗೆದ ಸೀರೆಯುಟ್ಟು ಪಕ್ಕದಲ್ಲಿ ಕುಳಿತು, "ಮುದುಕಪ್ಪ ಇವತ್ತು ಉಸಿರೇ ಬಿಡ್ತಿಲ್ಲ ನೋಡಿ, ಎಷ್ಟು ಮೆತ್ತಗೆ ಹೋಗ್ತಿದೆ," ಎಂದಳು. ಊರ ಹೊರಗಿನ ಗೋದಾಮುಗಳ ಉದ್ದನೆಯ ಗೋಡೆಯ ಹತ್ತಿರ ಆಯಿಲಿನ ಕೆಂಪು ದೀಪ ಒಮ್ಮೆ ಮಿಣುಕಿ ಆರಿತು. ಮತ್ತೆ ಹತ್ತಿತು. ಈ ಸಲ ಆರಲಿಲ್ಲ.

ಆ ದೀಪ ಹತ್ತಿದ ಮೇಲೆ ಓಡಿಸಿದರೆ ಎಂಜಿನ್ನು ಹಿಡಿದುಕೊಳ್ಳುತ್ತದೆ. ಅದು ಹಿಡಿದುಕೊಂಡರೆ ಮುದುಕಪ್ಪನ ಕಥೆ ಮುಗಿಯಿತು. ನಿಲ್ಲಿಸಿದರೆ ಏಕೆ ಎಂದು ಹೇಳಬೇಕು. ಪಕ್ಕದಲ್ಲಿ ಕುಳಿತವಳಿಗೆ ದೀಪ ಕಾಣದು. ಇನ್ನು ಸ್ವಲ್ಪ ದೂರ, ಆ ತಿರುವಿನವರೆಗೆ ಎಂದುಕೊಂಡಳು ಅತ್ತಿಗೆ. ಅಷ್ಟು ದೂರ ಹೋಗುವ ಧೈರ್ಯವಾಗಲಿಲ್ಲ. ಎಂಜಿನ್ನು ಆರಿಸಿದಳು. ಕಾರು ತನ್ನಷ್ಟಕ್ಕೆ ಉರುಳಿ ಗೋಡೆಯ ಪಕ್ಕ ನಿಂತಿತು.

"ಯಾಕೆ? ರೈಲು ಗೇಟಾ?"

"ಅಲ್ಲ ಪುಟ್ಟಿ. ಆಯಿಲ್ ಹೋಯ್ತು." ಸ್ಟೇರಿಂಗನ್ನು ಬಿಡದೆ ಒಂದೇ ಉಸಿರಿಗೆ ಹೇಳಿದಳು. "ಅವತ್ತೇ ಬೋಲ್ಟು ಹಾಳು ಮಾಡಿದೆ. ದಿನಾ ಸೋರ್ತಿತ್ತು. ಪೇಪರ್ ಖಾಲಿ ಅಂತ ನಿಂಗೆ ಸುಳ್ಳು ಹೇಳಿದೆ. ದಿನಾ ಹೇಳಿದೆ."

ನಾದಿನಿ ದನಿ ಬಂದ ಕಡೆಗೆ ತಿರುಗಿದಳು. ಆಮೇಲೆ, "ನಾನು ಕೇಳಿದಾಗೆಲ್ಲಾ?" ಎಂದಳು.

"ಕೇಳಿದಾಗೆಲ್ಲಾ."

"ನಂಗೆ ಕಣ್ಣಿದ್ದಿದ್ರೆ ಈ ಸುಳ್ಳು ಹೇಳ್ತಿರಲಿಲ್ಲ ಅಲ್ವಾ?"

ಅತ್ತಿಗೆ ಬಾಗಿಲು ತೆರೆದು ರಸ್ತೆಗಿಳಿದಳು.

ದಾರಿಯಲ್ಲಿ ಬಂದ ಬಾಡಿಗೆ ಕಾರೊಂದನ್ನು ಕೈಬೀಸಿ ನಿಲ್ಲಿಸಿ ಆಸ್ಪತ್ರೆ ಮುಟ್ಟಿದಾಗ ಇವರ ಸರದಿ ದಾಟಿಹೋಗಿತ್ತು. ಕೊನೆಯಲ್ಲಿ ನೋಡುತ್ತಾರೆ, ಕಾಯಿರಿ ಎಂದರು. ಬೆಂಚಿನ ಮೇಲೆ ಅಂಟಿಕೊಂಡು ಕುಳಿತರು. ನಾದಿನಿ ಮುಖ ಆಚೆ ತಿರುಗಿಸಿಕೊಂಡಿದ್ದಳು. ನರ್ಸು ಬಂದು ಒಪ್ಪಿಗೆಯ ಕಾಗದಕ್ಕೆ ಅತ್ತಿಗೆಯ ಸಹಿ ಕೇಳಿದಳು. ಅತ್ತಿಗೆ ತೊಡೆಯ ಮೇಲೆ ಕಾಗದವಿಟ್ಟು ಸಹಿ ಹಾಕುವಾಗ ಮೊಣಕೈ ನಾದಿನಿಯ ಪಕ್ಕೆಗೆ ತಿವಿಯಿತು.

"ಇದ್ಯಾವ ಕೈ?" ಎಂದಳು ನಾದಿನಿ ಥಟ್ಟನೆ.

"ಯಾವ ಕೈ ಅಂದ್ರೆ? ಬರೆಯೋ ಕೈ."

"ಎಡಗೈ!" ನಾದಿನಿ ಎದ್ದೇ ನಿಂತಳು. "ಅಯ್ಯೋ ಎಡಚಿ! ಅವತ್ತು ಬೋಲ್ಟು ಬಿಚ್ಚೋಕೆ ಯಾವ ಕಡೆ ತಿರುಗಿಸಿದ್ರಿ?"

ಅತ್ತಿಗೆ ಪೆನ್ನು ಹಿಡಿದ ಕೈಯನ್ನು ನೋಡಿದಳು, ಇನ್ನೊಂದನ್ನು ನೋಡಿದಳು. "ಇನ್ನೊಂದು ಕಡೆಗೆ. ನೀನು ಹೇಳಿದ ಹಾಗೆ. ಬಲಗಡೆಗೆ."

"ಅದು ಬಿಗಿ ಮಾಡೋದು! ಜನ್ಮದಲ್ಲಿ ಒಂದು ಡಬ್ಬದ ಮುಚ್ಚಳ ತೆಗೆದಿಲ್ವಾ ನೀವು?"

"ಡಬ್ಬ ಕಣ್ಣೆದುರಿಗೆ ಇರುತ್ತೆ. ಇದು ಮೂಗಿನ ಮೇಲಿತ್ತು!"

ನರ್ಸು ಸುಮ್ಮನಿರಿ ಎಂಬಂತೆ ನೋಡಿದಳು. ನಾದಿನಿ ಕುಳಿತಳು. ದನಿ ಇಳಿಯಿತು. "ಸಣ್ಣವಳಿದ್ದಾಗ ನಂಗೆ ಎಡ ಬಲ ಗೊತ್ತಾಗ್ತಿರಲಿಲ್ಲ. ನಂಗೋಸ್ಕರ ಅಣ್ಣ ಮಾಡಿದ ಮಾತು ಅದು. ಈ ಮನೆಗೆ ಬಂದಾಗಿಂದ ನೀವು ಎಡಗೈಯಲ್ಲಿ ಬರೆಯೋದು ನೋಡಿದ್ದೀನಿ, ಆದ್ರೂ ಹೊಳೀಲಿಲ್ಲ. ನಾನೇ ಹಾಳು ಮಾಡಿಸಿದೆ."

ಅತ್ತಿಗೆಯ ಎದೆಯ ಭಾರ ಒಂದು ಗಳಿಗೆ ಇಳಿದಂತಾಯಿತು. ಹೌದು, ಇಬ್ಬರದೂ ಎಂದುಬಿಟ್ಟರೆ ಎಷ್ಟು ಹಗುರ! ಹಾಗೆ ಅನ್ನಿಸಿದ್ದಕ್ಕೇ ಆಕೆಗೆ ಮೊದಲಿಗಿಂತ ಹೆಚ್ಚು ನಾಚಿಕೆಯಾಯಿತು.

"ನಿಂದೇನಿಲ್ಲ ಪುಟ್ಟಿ."

"ಇದೆ. ಬೋಲ್ಟಿನಲ್ಲಿ ಅರ್ಧ ನಂದು," ಎಂದಳು ನಾದಿನಿ. "ಪೇಪರ್ ಓದಿದ್ದು ಮಾತ್ರ ಪೂರ್ತಿ ನಿಮ್ದು."

"ಪೂರ್ತಿ ನಂದೇ."

ಒಳಗಿನಿಂದ ಕರೆದರು. ನಾದಿನಿ ಎದ್ದು ಕೈ ಮುಂದೆ ಚಾಚಿದಳು. ಅತ್ತಿಗೆ ಅದನ್ನು ಹಿಡಿಯಲೋ ಬೇಡವೋ ಎಂದು ಅನುಮಾನಿಸಿದಳು. "ಹಿಡ್ಕೊಳ್ಳಿ ಮತ್ತೆ, ಬಾಗಿಲು ಎಲ್ಲಿದೆ ನಂಗೇನು ಗೊತ್ತು," ಎಂದು ನಾದಿನಿ ಗದರಿದಳು.

ಮುದುಕಪ್ಪನನ್ನು ಹಗ್ಗ ಕಟ್ಟಿಸಿ ಮನೆಗೆ ಎಳೆಸಿ ತಂದರು. ಬಿಡಿಭಾಗದ ಅಂಗಡಿಯಲ್ಲಿ ಒಂದು ಸೈಜು ದೊಡ್ಡ ಬೋಲ್ಟು ಸಿಕ್ಕಿತು. ತಾನು ಒಳಗೆ ಹೋಗುತ್ತ ತನ್ನ ಮರೆಯನ್ನು ತಾನೇ ಕೊರೆದುಕೊಳ್ಳುವಂಥದು. ಈ ಸಲ ನಾದಿನಿ ಮುಕ್ಕಾಲಿಯನ್ನು ಇನ್ನೂ ಹತ್ತಿರ ಎಳೆದುಕೊಂಡು, "ಮನೆ ಕಿಟಕಿ ಕಡೆಗೆ ಬಿಗಿ, ಕಾಂಪೌಂಡ್ ಗೋಡೆ ಕಡೆಗೆ ಸಡಿಲ. ಕೈ ವಿಷಯ ಎತ್ತೋದೇ ಬೇಡ," ಎಂದಳು. ಅತ್ತಿಗೆ ನಿಧಾನವಾಗಿ, ಕಾಲು ಸುತ್ತಿಗೊಮ್ಮೆ ನಿಂತು, ಕಿಟಕಿಯ ಕಡೆಗೆ ತಿರುಗಿಸಿದಳು. ಹೊಸ ಆಯಿಲ್ ತುಂಬಿದಳು. ಟೈರಿನೊಳಗಿದ್ದ ರಟ್ಟುಗಳನ್ನು ತಾನಾಗಿಯೇ ಹೊರಗೆ ತೆಗೆದು ನಾದಿನಿಯ ತೊಡೆಯ ಮೇಲಿಟ್ಟಳು. ನಾದಿನಿ ಒಂದೊಂದನ್ನೂ ಬೆರಳಿನಿಂದ ಸವರಿ, ಜಿಡ್ಡನ್ನು ಮೂಸಿ, ಏನೂ ಅನ್ನದೆ ಕೆಳಗಿಟ್ಟಳು. ಏನಾದರೂ ಅಂದಿದ್ದರೆ ಅತ್ತಿಗೆಗೆ ಸುಲಭವಾಗುತ್ತಿತ್ತು.

ಅಂದು ಪ್ರಾರ್ಥನೆಯಲ್ಲಿ ಬಿಟ್ಟ ಮಾತನ್ನು ಆಕೆ ಮತ್ತೆ ಸೇರಿಸಿಕೊಂಡಳು. ಹೇಳಿ ಮುಗಿಸಲು ಹೊತ್ತು ಹಿಡಿಯಿತು.

ಬೆಳಿಗ್ಗೆ ಮೆಟ್ಟಿಲ ಮೇಲಿನಿಂದ ದನಿ ಬಂತು. "ಅತ್ತಿಗೆ, ಪೇಪರಲ್ಲಿ ಏನು ಸುದ್ದಿ?"

ಅತ್ತಿಗೆ ಮಂಡಿಯೂರಿ ರಟ್ಟನ್ನು ಎಳೆದು ಬೆಳಕಿಗೆ ಹಿಡಿದಳು.

"ಒಂದು ಹನಿ ಇದೆ."

"ಎಷ್ಟಿದೆ?"

"ಸಾಸಿವೆಯಷ್ಟು."

ನಾದಿನಿ ಲೋಟ ಕೆಳಗಿಟ್ಟಳು. "ಅತ್ತಿಗೆ."

ಅತ್ತಿಗೆ ಇನ್ನೊಮ್ಮೆ ನೋಡಿದಳು.

"ಕಡಲೆಯಷ್ಟು," ಎಂದಳು.