ಅಧ್ಯಕ್ಷೆ ಯಮಿಲೆತ್ ಮಾಡಿದ ಕಾನೂನು

ಗಡಿಯೂರಾದ ಉಪಾಲದ ಶಿಶುವಿಹಾರದ ಚುನಾವಣೆಯ ಮುಂದೆ ಇಡೀ ಕೋಸ್ಟರಿಕದ ಚುನಾವಣೆಯೇ ಸಪ್ಪೆ. ಮಕ್ಕಳ ಭಾಷಣದ ಅಬ್ಬರಕ್ಕೆ ತೆನೊರಿಯೊ ಜ್ವಾಲಾಮುಖಿ ಎದ್ದು ಕೂತು ಕಿವಿ ಮುಚ್ಚಿಕೊಳ್ಳುತ್ತಿತ್ತು. ಇದನ್ನು ಹುಟ್ಟುಹಾಕಿದವಳು ಒದೀಲಿಯ ಟೀಚರು. ತಲೆಯೆಲ್ಲ ನರೆತಿದ್ದರೂ ಅಲ್ಲಿನ ರೂಢಿಯಂತೆ ಮಕ್ಕಳಿಗೆ ಅವಳು "ನೀನ್ಯಾ", ಅಂದರೆ ಪುಟ್ಟ ಹುಡುಗಿ.

"ಹೆಚ್ಚು ಕೈ ಎದ್ರೆ ಅದೇ ಕಾನೂನು. ಅದಕ್ಕೆ ಎಲ್ರೂ ತಲೆಬಾಗ್ಬೇಕು, ನಾನೂ ಕೂಡ," ಎಂದು ಅವಳು ಕಲಿಸುತ್ತಿದ್ದಳು.

ಆ ವರ್ಷ ಅಧ್ಯಕ್ಷ ಪದವಿಗೆ ನಿಂತ ಹುಡುಗ ಗ್ರೇವಿನ್ ದಿನಾ ಐಸ್‌ಕ್ರೀಮಿನ ಹೊಳೆ ಹರಿಸುವುದಾಗಿ ಸಾರಿದ. ಅವನ ಎದುರಾಳಿ, ಐದು ವರ್ಷದ ಯಮಿಲೆತ್, ಕುರ್ಚಿ ಹತ್ತಿದಳು.

"ನಾನು ಗೆದ್ರೆ ನಮ್ಮಮ್ಮ ವಾಪಸ್ ಬರ್ತಾಳೆ. ಬಂದ್ರೆ ಎಲ್ರಿಗೂ ಜೋಳದ ಕೋಡುಬಳೆ!"

"ನಿಮ್ಮಮ್ಮನ್ನ ಪೊಲೀಸ್ರು ಹಿಡ್ಕೊಂಡು ಹೋದ್ರಲ್ಲೇ?" ಎಂದ ಗ್ರೇವಿನ್.

"ಹೋದ್ರೇನೀಗ? ಗಡಿ ಆಚೆ ಬಿಟ್ಟಿದಾರೆ ಅಷ್ಟೆ. ನಿನ್ನ ಐಸ್‌ಕ್ರೀಮು ಕರಗ್ತದೆ, ಕೋಡುಬಳೆ ಕರಗಲ್ಲ ಕಣೋ!"

ಯಮಿಲೆತ್ ಹುಟ್ಟಿದ್ದು ಇಲ್ಲೇ, ಈ ದೇಶದವಳು. ಅನಾನಸ್ ತೋಟದಲ್ಲಿ ದುಡಿಯುತ್ತಿದ್ದ ಅಮ್ಮ ಮಾತ್ರ ಗಡಿಯಾಚೆಯ ನಿಕರಾಗುವ ದೇಶದವಳು, ಕಾಗದಪತ್ರವಿಲ್ಲದವಳು. ಅವಳು ಕೋಡುಬಳೆ ಸುಟ್ಟರೆ ಆ ಘಮಕ್ಕೆ ಗಡಿಯಾಚೆಯ ಗಿಳಿಗಳೆಲ್ಲ ಹಾರಿಬಂದು ಸೂರಿನ ಮೇಲೆ ಸಾಲುಗಟ್ಟುತ್ತಿದ್ದವು. ಆ ರುಚಿ ಕಂಡಿದ್ದ ಗ್ರೇವಿನ್ ಕೂಡ ತನ್ನ ಓಟನ್ನು ಯಮಿಲೆತ್‌ಗೇ ಹಾಕಿದ.

ಗೆದ್ದ ಯಮಿಲೆತ್‌ಳ ಹೆಗಲಿಗೆ ಅಧ್ಯಕ್ಷರ ಕಾಗದದ ಪಟ್ಟಿ ಏರಿತು.

"ಏನಪ್ಪಣೆ, ಅಧ್ಯಕ್ಷರೇ?" ಟೀಚರು ನಗುತ್ತ ಕೇಳಿದಳು.

"ನಮ್ಮಮ್ಮನೂ ಈ ದೇಶದೋಳು ಅಂತ ಕಾನೂನು. ಕೈ ಎತ್ರೋ!"

ಗ್ರೇವಿನ್ ಎರಡೂ ಕೈ ಎತ್ತಿದ.

"ಅದು ಕಳ್ಳ ಓಟು ಕಣೋ, ಒಂದು ಇಳಿಸು," ಎಂದಳು ಟೀಚರು.

ಅಲ್ಲೇ ತಡೆಯಬೇಕಿತ್ತು. ಆದರೆ ಇಂಥ ಚಂದದ ಪಾಠ ಅವಳ ಜನ್ಮದಲ್ಲೇ ನಡೆದಿರಲಿಲ್ಲ. ಸಂಭ್ರಮದಲ್ಲಿ ಅವಳೂ ಕೈ ಎತ್ತಿಬಿಟ್ಟಳು.

ಮಧ್ಯಾಹ್ನ, ಈಗ ಅವಳನ್ನು ನೋಡಿಕೊಳ್ಳುತ್ತಿದ್ದ ಸೊಕೋರೊ ಅತ್ತೆ ಕರೆದೊಯ್ಯಲು ಬಂದರೆ ಹುಡುಗಿ ಗೇಟಿನ ಬಳಿ ನೆಲ ಬಿಟ್ಟು ಏಳಲಿಲ್ಲ.

"ನಾ ಬರಲ್ಲತ್ತೆ. ಅಮ್ಮ ಬಸ್ಸಲ್ಲಿ ಬರ್ತಾಳೆ. ಕಾನೂನಾಗಿದೆ."

ಅತ್ತೆ ಟೀಚರ ಕಡೆ ತಿರುಗಿದಳು. "ಏನ್ ಕಲಿಸಿದ್ರಿ ತಾಯೀ ಮಗೂಗೆ? ಈಗಷ್ಟೇ ಅಳು ನಿಲ್ಸಿತ್ತು."

ಗಡಿಯ ಕಡೆಯಿಂದ ಬಸ್ಸು ಬಂತು. ಮೂಟೆ ಇಳಿದವು, ಕೋಳಿ ಇಳಿದವು, ಯಾರ‍್ಯಾರೋ ಇಳಿದರು. ಬಸ್ಸು ಹೋಯಿತು.

"ಡ್ರೈವರಿಗೆ ಇನ್ನೂ ಗೊತ್ತಾಗಿಲ್ಲ ಅಂತ ಕಾಣ್ತದೆ," ಎಂದಳು ಯಮಿಲೆತ್.

ಒಂದು ಗದರಿಕೆಗೆ ಸಂತೆಯನ್ನೇ ಸುಮ್ಮನಾಗಿಸುವ ಒದೀಲಿಯ ಟೀಚರು ಮೆಲ್ಲಗೆ ಮಂಡಿಯೂರಿ ಕೂತಳು.

"ನಾವು ಮಾಡಿದ ಕಾನೂನು ಈ ಗೇಟಿನ ಒಳಗೆ ಮಾತ್ರ, ಕಂದಾ."

ಹುಡುಗಿ ಗೇಟನ್ನು ನೋಡಿದಳು, ರಸ್ತೆಯನ್ನು ನೋಡಿದಳು.

"ಹಾಗಾದ್ರೆ ಗೇಟಿನ ತನಕ ಅಮ್ಮ ಹೇಗೆ ಬರ್ಬೇಕು, ನೀನ್ಯಾ?"

ಒದೀಲಿಯ ಟೀಚರು ಅವಳ ಪಕ್ಕ ಧೂಳಲ್ಲೇ ಕೂತಳು. ಸ್ವಲ್ಪ ಹೊತ್ತಿಗೆ ಅತ್ತೆಯೂ ಚೀಲ ಕೆಳಗಿಟ್ಟು ಕೂತಳು.

ಸಂಜೆಯ ಕಡೇ ಬಸ್ಸು ತಿರುವಿನಲ್ಲಿ ಕಂಡಾಗ ಮೂವರೂ ಎದ್ದು ನಿಂತರು.