ಟಬ್ಬಿನ ಮೇಲಿನ ತೂತು

ವಾಷರ್ ಕೈಗೆ ಬಂದಿದ್ದೇ ಹಪ್ಪಳದ ಹಾಗೆ ಮುರೀತು, ಥೂ, ಇಷ್ಟೇನಾ, ಇಷ್ಟಗಲ ರಬ್ಬರಿಗೆ ನಾನು ಅತ್ತೆಗೆ ಅಷ್ಟೆಲ್ಲ ಅಂದೆನಾ — ಹುಷಾರು ತನುಜಾ, ಸ್ಕ್ರೂಡ್ರೈವರ್ ಜಾರತ್ತೆ — ಪ್ಲಂಬರ್ ಪರಶುರಾಮ ಫೋನಲ್ಲೇ ಹೇಳಿದ್ದ, ಅಕ್ಕಾ ನಾನು ಮಲವಗೊಪ್ಪದಲ್ಲಿ ಕೆಲಸದಲ್ಲಿದೀನಿ, ಟಬ್ಬಿನ ಮೇಲ್ಗಡೆ ಒಂದು ತೂತು ಇದ್ಯಲ್ಲ, ನೀರು ಜಾಸ್ತಿ ಆದ್ರೆ ಹೊರಗೆ ಹೋಗಕ್ಕೆ, ಅದರ ಬಿಲ್ಲೆ ಬಿಚ್ಚಿ ಹಿಂದಿನ ವಾಷರ್ ನೋಡಿ, ಅದಕ್ಕೂ ಮುಂಚೆ ಕೆಳಗಿನ ಸೀಲಿಂಗಿಗೆ ನೀರು ಎಲ್ಲಿಂದ ಸೋರತ್ತೆ ಅಂತ ಗೊತ್ತು ಮಾಡ್ಕೊಳಿ. ಗೊತ್ತು ಮಾಡ್ಕೊಂಡೆ ಮಾರಾಯ, ಚೆನ್ನಾಗಿ ಗೊತ್ತು ಮಾಡ್ಕೊಂಡೆ. ಮೊದಲು ಈ ಮಹಡಿ ಬಚ್ಚಲ ನೆಲಕ್ಕೆ ನೀರು ಹುಯ್ದೆ, ಅತ್ತೆ ಚೊಂಬಿಂದಲೇ, ಅತ್ತೆ ಕೂರೋ ಮಣೆ ಮೇಲೇ, ಕೊಡಗಟ್ಟಲೆ, ಕೆಳಗೆ ಹಾಲ್‌ನಲ್ಲಿ ವಿಜಯೇಂದ್ರ ಕತ್ತೆತ್ತಿ ಸೀಲಿಂಗ್ ನೋಡ್ತಾ ನಿಂತಿದ್ರು, ಬಿತ್ತೇನ್ರೀ, ಇಲ್ಲ ಕಣೆ, ಈಗ, ಇಲ್ವೇ ಇಲ್ಲ — ಬೀಳಲಿ ದೇವ್ರೇ, ಒಂದೇ ಒಂದು ಹನಿ ಬೀಳಲಿ ಅಂತ ಬೇಡ್ಕೊಂಡೆ, ಎಂಥಾ ಹೆಂಗಸು ನಾನು, ನನ್ನ ಮಾತು ನಿಜ ಆಗ್ಬೇಕು ಅಂತ ನನ್ನ ಮನೆ ಸೂರೇ ಸೋರಲಿ ಅಂತ. ಬೀಳ್ಲಿಲ್ಲ. ಆಮೇಲೆ ಟಬ್ಬಿಗೆ ನಲ್ಲಿ ಬಿಟ್ಟೆ, ನೀರು ಬಂದ ದಿನ ನಾನು ಬಿಡೋ ಹಾಗೇ — ಈ ಟಬ್ಬಲ್ಲಿ ಯಾರು ಮಲಗಿ ಸ್ನಾನ ಮಾಡಿದಾರೆ, ರವೀಂದ್ರನಗರದಲ್ಲಿ ಮನೆ ಕಟ್ಟಿದ ಶೋಕಿಗೆ ಹಾಕ್ಸಿದ್ದು, ಈಗ ನೀರು ಹಿಡಿದಿಡೋ ತೊಟ್ಟಿ, ನಾನು ಅಡುಗೆಮನೇಲಿ ರೊಟ್ಟಿ ತಟ್ತಾ ಇರ್ತೀನಿ, ಇದು ತುಂಬಿ ತೂತಿಗೆ ಹೋಗ್ತಾ ಇರತ್ತೆ, ಹೋದ್ರೆ ಹೋಗ್ಲಿ ಪೈಪಿಗೆ ತಾನೇ — ಅರ್ಧ ತುಂಬಿದಾಗ ಏನೂ ಇಲ್ಲ, ಮುಕ್ಕಾಲು, ಊಹೂಂ, ನೀರು ತೂತು ಮುಟ್ಟಿ ಸ್ವಲ್ಪ ಹೊತ್ತಿಗೆ ಕೆಳಗಿಂದ, ಬಿತ್ತು ಕಣೆ ಬಿತ್ತು, ಅದೇ ಜಾಗ, ಖುಷಿಯಾಗಿ ಕೂಗಿದ್ರು, ಮೇಲೆ ಮಾತ್ರ ಬರ್ಲಿಲ್ಲ. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಬರೆ ಹಾಕಿದ್ದು ನಾನೇ, ಅತ್ತೆ, ಹಿಂಗೆ ಚೊಂಬಲ್ಲಿ ನೀರು ಚೆಲ್ಲಾಡಿದ್ರೆ ಸೀಲಿಂಗ್ ಉಳಿಯತ್ತಾ, ಅಂದಿದ್ದು, ಅದೂ ನಾದಿನಿ ಸುಪ್ರಿಯಾ ಬಂದಾಗ, ಹೆತ್ತ ಮಗಳ ಎದುರಿಗೆ. ಮುಂಚೆ ಅತ್ತೆ ಸ್ನಾನ ಮುಗಿಸಿ ಬಂದ್ರೆ ಬಚ್ಚಲಿಂದ ದೇವರಮನೆ ತನಕ ಒದ್ದೆ ಹೆಜ್ಜೆ, ಐದೂ ಬೆರಳು ಮೂಡಿರೋದು, ಅದಕ್ಕೂ ಗೊಣಗ್ತಿದ್ದೆ, ಯಾರಾದ್ರೂ ಜಾರಿ ಬಿದ್ದಾರು ಅಂತ. ಅವತ್ತಿಂದ ಹೆಜ್ಜೆ ಇಲ್ಲ. ಸ್ನಾನ ಆಯ್ತಾ ಅತ್ತೆ, ಆಯ್ತಮ್ಮ, ವಿಭೂತಿ ಹಚ್ಕೊಂಡು ಅಂಗೈಲಿ ಲಿಂಗ ಇಟ್ಕೊಂಡು ಕೂತಿರೋರು, ಒಡೆದ ಹಿಮ್ಮಡಿ ಒಣಗೇ ಇರೋದು, ನೋಡಿದೀನಿ, ನೋಡಿ, ಸದ್ಯ ಬುದ್ಧಿ ಬಂತು ಅಂದ್ಕೊಂಡೆ. ಸೀಲಿಂಗ್ ಆಗ್ಲೂ ಸೋರ್ತಿತ್ತು, ಆಗ್ಲೂ ಅವರದ್ದೇ ತಪ್ಪು ಅಂದೆ. ಸ್ವಲ್ಪ ದಿನ ಮಗಳ ಮನೇಲಿರ್ತೀನಿ ಅಂತ ಬ್ಯಾಗ್ ಹಿಡ್ಕೊಂಡು ಭದ್ರಾವತಿ ಬಸ್ ಹತ್ತಿದ್ರು, ಸೀಲಿಂಗ್ ಸೋರೋದು ನಿಲ್ಲಲಿಲ್ಲ. ತಂದಿಟ್ಕೊಂಡ ಹೊಸ ವಾಷರ್, ದಪ್ಪ ಅಂಚು ಕೆಳಗೆ ಅಂದಿದ್ದ ಪರಶುರಾಮ, ಹಾಂ, ಕೂತ್ಕೊಂತು, ಬಿಲ್ಲೆ, ಸ್ಕ್ರೂ, ತಿರುಗಿಸು, ನಲ್ಲಿ ಬಿಡು, ತುಂಬ್ತು, ತೂತಿಗೆ ಬಂತು, ರೀ, ಏನೂ ಇಲ್ಲ ಕಣೆ, ಒಂದು ಹನೀನೂ ಇಲ್ಲ. ಇಷ್ಟೇ ಕೆಲಸ. ಈಗ್ಲೇ ಹೇಳ್ಬೇಕು, ಒದ್ದೆ ಕೈಯಲ್ಲೇ ಭದ್ರಾವತಿ ಓಲ್ಡ್ ಟೌನಿಗೆ ಫೋನ್ ಹಚ್ಚಿದೆ, ಸುಪ್ರಿಯಾ, ಅಮ್ಮನಿಗೆ ಕೊಡೇ, ತಪ್ಪು ನಂದು, ಅಂತ ಬಾಯಿಗೆ ಬರೋ ಹೊತ್ತಿಗೆ ಅವಳೇ ಶುರು ಮಾಡಿದ್ಲು, ಅತ್ತಿಗೆ, ನೀವಾದ್ರೂ ಹೇಳಿ, ಅಮ್ಮ ಇಲ್ಲಿ ಮೈಗೆ ನೀರೇ ಹುಯ್ಕೊಳ್ಳಲ್ಲ, ಚೊಂಬಲ್ಲಿ ಟವೆಲ್ ಅದ್ದಿ ಒರೆಸ್ಕೊಂಡು ಬಂದ್ಬಿಡ್ತಾಳೆ, ಯಾಕಮ್ಮಾ ಅಂದ್ರೆ ಕೆಳಗೆ ಸೋರತ್ತೆ ಕಣೇ ಅಂತಾಳೆ — ಕೆಳಗೆ, ಎಲ್ಲಿ ಕೆಳಗೆ, ಆ ಮನೆಗಿರೋದು ಒಂದೇ ಅಂತಸ್ತು, ನೆಲದ ಕೆಳಗೆ ಬರೀ ಮಣ್ಣು — ಅಮ್ಮನಿಗೆ ಕೊಡ್ಲಾ ಅತ್ತಿಗೆ, ಅತ್ತಿಗೆ, ಇದೀರಾ — ಇದೀನಿ, ಇಲ್ಲೇ ಇದೀನಿ, ಬಚ್ಚಲ ಬಾಗಿಲಲ್ಲಿ, ಇಲ್ಲಿಂದ ದೇವರಮನೆ ತನಕ ನೆಲ, ಒಣ ನೆಲ, ಒಂದು ಬೆರಳಿನ ಗುರುತೂ ಇಲ್ಲ